ಮುಖ ನೋಡಿ ಮಣೆ ಹಾಕಬೇಡಿ: ಸಮೀಕರಣದ ಹುಸಿ ಉತ್ತರ ಹಿಡಿಯುವುದು ಹೇಗೆ?

"ಅಕ್ಕೋರೇ, ಮೈನಸ್ ಬಂದದ್ದನ್ನ ಹೊಡೆದು ಹಾಕಿದ್ರೆ ಆಯ್ತಲ್ಲ?" ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ ಜಗುಲಿಗೆ ಸಂಜೆ ಲೆಕ್ಕ ಕಲಿಯಲು ಬರುವ ಹತ್ತನೆಯ ತರಗತಿಯ ಹುಡುಗಿ ಕೇಳಿದಳು. ಅವಳು ಆಗಷ್ಟೇ ಬಿಡಿಸಿದ್ದ ಲೆಕ್ಕ ಇದು. ಗೊತ್ತಿಲ್ಲದ ಸಂಖ್ಯೆಯನ್ನು ಹಳೇ ರೂಢಿಯಂತೆ ಕ್ಷ ಎಂದಿದ್ದೇನೆ.

√(ಕ್ಷ + 7) = ಕ್ಷ − 5

ವರ್ಗಮೂಲ ಹೋಗಲೆಂದು ಎರಡೂ ಕಡೆ ವರ್ಗ ಮಾಡಿದ್ದಳು: ಕ್ಷ + 7 = ಕ್ಷ² − 10ಕ್ಷ + 25. ಎಲ್ಲವನ್ನೂ ಒಂದೇ ಕಡೆ ತಂದರೆ ಕ್ಷ² − 11ಕ್ಷ + 18 = 0, ಅಂದರೆ (ಕ್ಷ − 9)(ಕ್ಷ − 2) = 0. ಉತ್ತರ 9 ಮತ್ತು 2. ಎರಡರಲ್ಲೂ ಮೈನಸ್ ಇಲ್ಲ, ಎರಡಕ್ಕೂ ಅಡಿಗೆರೆ ಎಳೆದಿದ್ದಳು.

ಈಗ ತಾಳೆ ನೋಡಿ. ತಾಳೆಗೆ ಮೊಟ್ಟಮೊದಲ ಸಾಲಿನ ಸಮೀಕರಣವೇ ಬೇಕು. ವರ್ಗ ಮಾಡಿದ ನಂತರದ ಸಾಲಿಗೆ ಹಾಕಿದರೆ ಹುಸಿ ಉತ್ತರವೂ ಸರಿಯೆನ್ನಿಸಿಕೊಳ್ಳುತ್ತದೆ. ಎಡಭಾಗ, ಬಲಭಾಗ ಬೇರೆ ಬೇರೆ ಲೆಕ್ಕ ಹಾಕಿ. 9 ಹಾಕಿದರೆ ಎಡಕ್ಕೆ √16 = 4, ಬಲಕ್ಕೆ 9 − 5 = 4. ಸರಿ ಹೋಯಿತು. 2 ಹಾಕಿದರೆ ಎಡಕ್ಕೆ √9 = 3, ಬಲಕ್ಕೆ 2 − 5 = −3. ಕೂಡಲಿಲ್ಲ, 2 ಹುಸಿ ಉತ್ತರ. √ ಚಿಹ್ನೆ ಯಾವತ್ತೂ ಋಣ ಸಂಖ್ಯೆ ಕೊಡುವುದಿಲ್ಲ.

ಈ 2 ಎಲ್ಲಿಂದ ಬಂತು? 3 ಬೇರೆ, −3 ಬೇರೆ. ವರ್ಗ ಮಾಡಿದ ಮೇಲೆ ಎರಡೂ 9. ವರ್ಗ ಮಾಡುವುದೆಂದರೆ ರಂಪಣಿ, ಅಂದರೆ ದಡದಿಂದ ಎಳೆಯುವ ದೊಡ್ಡ ಮೀನುಬಲೆ, ಎಳೆದ ಹಾಗೆ. ಬೇಕಾದ ಬಂಗಡೆ ಒಂದೂ ತಪ್ಪಿಸಿಕೊಳ್ಳುವುದಿಲ್ಲ, ಜೊತೆಗೆ ಪಾಚಿ, ಪ್ಲಾಸ್ಟಿಕ್ಕೂ ದಡಕ್ಕೆ ಬರುತ್ತದೆ. ಮರಳ ಮೇಲೆ ಹರವಿ ಆರಿಸಬೇಕು. ಎರಡೂ ಕಡೆ ಕ್ಷದಿಂದ ಭಾಗಿಸುವುದು ಮಾತ್ರ ಬಲೆ ಹರಿದಂತೆ: ಕ್ಷ² = 5ಕ್ಷ ಎಂಬಲ್ಲಿ ಭಾಗಿಸಿದರೆ 5 ಸಿಗುತ್ತದೆ, 0 ಹೊರಬೀಳುತ್ತದೆ. ಹೋದ ಮೀನನ್ನು ತಾಳೆ ನೋಡುವುದು ಹಿಡಿದು ತರುವುದಿಲ್ಲ.

ಹುಡುಗಿಗೆ ಇನ್ನೊಂದು ಕೊಟ್ಟೆ: √(ಕ್ಷ + 6) = −ಕ್ಷ. ಬಂದದ್ದು 3 ಮತ್ತು −2. ರೂಢಿಯಂತೆ −2 ಹೊಡೆದಳು. ತಾಳೆ ನೋಡಿದರೆ −2ಕ್ಕೆ ಎರಡೂ ಕಡೆ 2. 3ಕ್ಕೆ ಎಡಕ್ಕೆ 3, ಬಲಕ್ಕೆ −3. ಒಳ್ಳೆಯದನ್ನೇ ಎಸೆದಿದ್ದಳು!

ಭಿನ್ನರಾಶಿ ಇದ್ದರೆ ಬಿಡಿಸುವ ಮೊದಲೇ ಛೇದ ನೋಡಿ. ಕ್ಷ/(ಕ್ಷ − 3) = 3/(ಕ್ಷ − 3) + 2 ಎಂಬುದನ್ನು (ಕ್ಷ − 3)ರಿಂದ ಗುಣಿಸಿದರೆ ಕ್ಷ = 3 ಎಂದೇ ಬರುತ್ತದೆ. 3 ಹಾಕಿದರೆ ಛೇದ ಸೊನ್ನೆ. ಹಾಗಾಗಿ ಇದಕ್ಕೆ ಪರಿಹಾರವೇ ಇಲ್ಲ. ಪುಟದ ಮೂಲೆಯಲ್ಲಿ 'ಕ್ಷ ≠ 3' ಎಂದು ಮೊದಲೇ ಬರೆದಿಟ್ಟರೆ ಮೋಸ ಹೋಗುವುದಿಲ್ಲ. ಪಿಯುಸಿಯವರು ಲಾಗರಿದಮ್ಮಿನಲ್ಲೂ ಹೀಗೇ ನೋಡಬೇಕು. ಅಲ್ಲಿ ಒಳಗಿರುವುದು ಸೊನ್ನೆಗಿಂತ ದೊಡ್ಡದಿರಬೇಕು.

ದೋಣಿ ಲೆಕ್ಕದ ಕತೆ ಬೇರೆ. ನಿಂತ ನೀರಿನಲ್ಲಿ ಗಂಟೆಗೆ 9 ಕಿ.ಮೀ. ಸಾಗುವ ದೋಣಿಗೆ ಕಾಳಿ ಹೊಳೆಯಲ್ಲಿ 12 ಕಿ.ಮೀ. ಏರಲು, ಅಷ್ಟೇ ದೂರ ಇಳಿಯುವುದಕ್ಕಿಂತ 1 ಗಂಟೆ ಹೆಚ್ಚು ಬೇಕು ಅನ್ನಿ. ಹರಿವಿನ ವೇಗ ಎಷ್ಟು?

12/(9 − ಕ್ಷ) − 12/(9 + ಕ್ಷ) = 1

ಇದು ಕ್ಷ² + 24ಕ್ಷ − 81 = 0 ಆಗಿ 3 ಮತ್ತು −27 ಕೊಡುತ್ತದೆ. −27 ಹಾಕಿ ನೋಡಿ: 12/36 + 12/18 = 1. ತಾಳೆಯಾಯಿತು! ಸಮೀಕರಣಕ್ಕೆ ಅದರ ಮೇಲೆ ತಕರಾರಿಲ್ಲ. ಮೈನಸ್ ಹರಿವು ಎಂಬುದೂ ನಮಗೆ ವಿಚಿತ್ರವಲ್ಲ, ಕಡಲು ಉಬ್ಬುವ ಭರತದ ಹೊತ್ತಿಗೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ನೀರು ಮೇಲಕ್ಕೇ ನುಗ್ಗುತ್ತದೆ. ಆದರೆ ಇಳಿಯುವ ವೇಳೆಯನ್ನಷ್ಟೇ ಲೆಕ್ಕ ಹಾಕಿ: 12/(9 − 27) = −2/3 ಗಂಟೆ. ಹೊರಡುವ 40 ನಿಮಿಷ ಮೊದಲೇ ದಡ ಮುಟ್ಟಿದ ದೋಣಿ! ಆ ಕಾರಣವನ್ನು ಒಂದು ಸಾಲಿನಲ್ಲಿ ಬರೆದು, ಉತ್ತರ ಗಂಟೆಗೆ 3 ಕಿ.ಮೀ. ಎನ್ನಿ.