ಎರಾಪ್ ಬದುಕನ್ನು ನಾನು ಕನ್ನಡದಲ್ಲಿ ಬರೆದದ್ದು

ಮನಿಲಾದಲ್ಲಿ ನನ್ನ ಆಫೀಸು ಇದ್ದದ್ದು ಒರ್ಟಿಗಾಸ್‌ನಲ್ಲಿ. ಕಿಟಕಿ ಪಕ್ಕ ನಿಂತರೆ ಎಡ್ಸಾ ಹೆದ್ದಾರಿ ಕಾಣುತ್ತಿತ್ತು. ಅದರ ಮೂಲೆಯಲ್ಲಿ ಒಂದು ಚರ್ಚು, ಚರ್ಚಿನ ಮೇಲೆ ಮೇರಿಮಾತೆಯ ದೊಡ್ಡ ಕಂಚಿನ ಪ್ರತಿಮೆ. 2001ರ ಜನವರಿಯಲ್ಲಿ ಆ ಮೂಲೆಯಲ್ಲಿ ಜನ ಸೇರಿ, ಫಿಲಿಪ್ಪೀನ್ಸ್ ಅಧ್ಯಕ್ಷರಾಗಿದ್ದ ಜೋಸೆಫ್ ಎಸ್ಟ್ರಾಡಾ, ಜನರ ಬಾಯಲ್ಲಿ ಎರಾಪ್, ಅಧಿಕಾರ ಬಿಡಬೇಕು ಎಂದು ಹಟ ಹಿಡಿದರು. ಏಪ್ರಿಲ್ ಕೊನೆಗೆ ಅದೇ ಮೂಲೆಯಲ್ಲಿ ಬೇರೆ ಜನ ಸೇರಿದರು. ಅವರನ್ನು ನಮಗೆ ವಾಪಸ್ ಕೊಡಿ ಎಂದರು. ಇದನ್ನು ತಿಳಿದ ಮೇಲೆ ಆ ಕಿಟಕಿ ಹತ್ತಿರ ನಾನು ಸುಮ್ನೆ ನಿಲ್ಲಲು ಆಗಲಿಲ್ಲ. ಈ ಮನುಷ್ಯನ ಕತೆಯನ್ನು ಕನ್ನಡದಲ್ಲಿ ಬರೆಯಬೇಕು ಅನ್ನಿಸಿತು.

ನಾನು ಮಂಡ್ಯದ ಕಡೆಯ ಮನುಷ್ಯ. ನಮ್ಮೂರಲ್ಲಿ ಅಂಬರೀಷ್ ಅಂದರೆ ಮನೆಮಗ. 1998ರಲ್ಲಿ ಮಂಡ್ಯದವರು ಅವರನ್ನು ಲೋಕಸಭೆಗೆ ಕಳಿಸಿದರು. ಅದೇ ವರ್ಷ ಫಿಲಿಪ್ಪೀನ್ಸ್ ಜನ ತಮ್ಮ ಸಿನಿಮಾ ನಟನನ್ನು ಅಧ್ಯಕ್ಷ ಮಾಡಿದರು. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಆದರೆ ತೆರೆಯ ಮೇಲಿನ ಮನುಷ್ಯ ಮನೆಯವನೇ ಆಗಿಬಿಡುವುದು ಹೇಗೆ ಅನ್ನೋದು ನನಗೆ ಚಿಕ್ಕಂದಿನಿಂದ ಗೊತ್ತು. ಆಫೀಸಿನಲ್ಲಿ ಕೆಲವರು ‘ಬುದ್ಧಿ ಇಲ್ಲದವರು ವೋಟು ಹಾಕಿದರು, ಅನುಭವಿಸಿದರು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ನನಗೆ ಅದು ಸರಿ ಕಾಣಲಿಲ್ಲ.

ಮೊದಲು ತೊಡಕಾದದ್ದು ಹೆಸರು. ಹುಟ್ಟುಹೆಸರು ಹೋಸೆ ಮಾರ್ಸೆಲೊ ಎಹೆರ್ಸಿಟೊ. ಹುಟ್ಟಿದ್ದು 1937ರ ಏಪ್ರಿಲ್ 19, ಮನಿಲಾದ ಟೊಂಡೊದಲ್ಲಿ. ತಂದೆ ಎಂಜಿನಿಯರು. ಹತ್ತು ಮಕ್ಕಳಲ್ಲಿ ಇವರು ಎಂಟನೆಯವರು. ಟೊಂಡೊ ಬಡವರ ಕೇರಿ ಎಂದೇ ಹೆಸರಾದ ಜಾಗ, ಆದರೆ ಮನೆ ಬಡವರದಲ್ಲ. ಇದನ್ನು ನಾನು ಬರಹದ ಮೊದಲ ಪುಟದಲ್ಲೇ ಹಾಕಿದೆ. ಮಗ ಎಂಜಿನಿಯರಿಂಗ್ ಓದನ್ನು ಅರ್ಧಕ್ಕೆ ಬಿಟ್ಟು ಸಿನಿಮಾಕ್ಕೆ ಹೋದಾಗ ಮನೆಯವರು ನಮ್ಮ ಹೆಸರು ಹಾಕಿಕೊಳ್ಳಬೇಡ ಎಂದರು. ಆಗ ಬಂದದ್ದು ಎಸ್ಟ್ರಾಡಾ. ಇನ್ನೊಂದು ಹೆಸರು ಎರಾಪ್. ಅಲ್ಲಿನ ಭಾಷೆ ಟಗಾಲೊಗ್‌ನಲ್ಲಿ ‘ಪಾರೆ’ ಅಂದರೆ ಗೆಳೆಯ, ನಮ್ಮ ಹುಡುಗರು ‘ಮಗಾ’ ಅಂತಾರಲ್ಲ ಹಾಗೆ. ಆ ಪದದ ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ಎರಾಪ್. ಪದ ತಿರುಗಿಸಿ ಆಡೋದು ಅಲ್ಲಿನವರಿಗೆ ಭಾಳ ಇಷ್ಟದ ಆಟ. ಕೋರ್ಟು ಕಾಗದದಲ್ಲಿ ಎಹೆರ್ಸಿಟೊ, ಪೋಸ್ಟರಿನಲ್ಲಿ ಎಸ್ಟ್ರಾಡಾ, ಬೀದಿಯಲ್ಲಿ ಎರಾಪ್. ಮೂರೂ ಹೆಸರನ್ನು ಉಳಿಸಿಕೊಂಡೆ. ಯಾರು ಕರೆಯುತ್ತಿದ್ದಾರೆ ಎಂಬುದರ ಮೇಲೆ ಹೆಸರು ಬದಲಾಗಲಿ ಎಂದುಕೊಂಡೆ.

ಆಮೇಲೆ ನಮ್ಮ ಭಾಷೆಗೇ ಸೇರಿದ ತೊಡಕು. ‘ಅವನು’ ಅನ್ನಬೇಕಾ, ‘ಅವರು’ ಅನ್ನಬೇಕಾ? ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಕಷ್ಟ ಇಲ್ಲ. ಕನ್ನಡದಲ್ಲಿ ಪ್ರತಿ ವಾಕ್ಯದ ಕೊನೆಗೆ ಲೇಖಕ ಸಿಕ್ಕಿಬೀಳುತ್ತಾನೆ. ಮೊದಲ ಸಲ ಬರೆದಾಗ ಬಾಲ್ಯದಲ್ಲಿ ‘ಅವನು’, ಅಧ್ಯಕ್ಷರಾದ ಮೇಲೆ ‘ಅವರು’, ಶಿಕ್ಷೆಯಾದ ಮೇಲೆ ನನಗೇ ಗೊತ್ತಾಗದ ಹಾಗೆ ಮತ್ತೆ ‘ಅವನು’ ಎಂದು ಬರೆದಿದ್ದೆ. ಓದಿ ನೋಡಿದಾಗ ನಾಚಿಕೆಯಾಯಿತು. ಕೋರ್ಟು ಕೊಟ್ಟ ಶಿಕ್ಷೆಯ ಮೇಲೆ ನಾನೊಂದು ಶಿಕ್ಷೆ ಕೊಟ್ಟಿದ್ದೆ. ತೆರೆಯ ಮೇಲಿನ ಪಾತ್ರಗಳಿಗೆ ಮಾತ್ರ ‘ಅವನು’ ಉಳಿಸಿ, ಮಿಕ್ಕ ಕಡೆ ಎಲ್ಲ ‘ಅವರು’ ಮಾಡಿದೆ.

ಸಿನಿಮಾ ಅರ್ಥ ಮಾಡಿಸಿದ್ದು ನಾನಿದ್ದ ಮನೆಗೆ ಬಟ್ಟೆ ಒಗೆಯಲು ಬರುತ್ತಿದ್ದ ಹೆಂಗಸು. ಐವತ್ತು ದಾಟಿದ್ದವರು. ಎಲ್ಲರೂ ಅವರನ್ನು ‘ಆತೆ’ ಅನ್ನುತ್ತಿದ್ದರು, ಅಂದರೆ ಅಕ್ಕ. ಒಂದು ಭಾನುವಾರ ಎರಾಪ್ ಅವರ 1964ರ ಹಳೇ ಕಪ್ಪು ಬಿಳುಪು ಸಿನಿಮಾ ಹಾಕಿಕೊಂಡು ಕೂತಿದ್ದೆ. ಮನಿಲಾದ ಕಿಯಾಪೊ ಬೀದಿಯ ಬಡವನ ಪಾತ್ರ. ಫಿಲಿಪ್ಪೀನ್ಸ್‌ನ ಫಾಮಾಸ್ ಪ್ರಶಸ್ತಿ ತಂದುಕೊಟ್ಟ ಸಿನಿಮಾ. ಮಾತು ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಆತೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಿಗೆ ಒರಗಿ ನಿಂತರು. ಸ್ವಲ್ಪ ಹೊತ್ತಿಗೆ ಎರಾಪ್ ಬಾಯಿ ತೆರೆಯುವ ಮುಂಚೆಯೇ ಮಾತು ಅವರ ಬಾಯಿಂದ ಬರತೊಡಗಿತು. ಹೊಡೆದಾಟ ಬಂದಾಗ ಕೈಯಲ್ಲಿದ್ದ ಬಟ್ಟೆಯನ್ನು ಬಿಗಿಯಾಗಿ ಹಿಂಡಿದರು. ಮುಗಿದ ಮೇಲೆ, ‘ನಮ್ಮಪ್ಪ ಮೂಟೆ ಹೊರುತ್ತಿದ್ದರು. ಮೂಟೆ ಹೊರೋನು ಗೆದ್ದಿದ್ದನ್ನ ನಾವು ನೋಡಿದ್ದು ಈ ಸಿನಿಮಾದಲ್ಲೇ’ ಎಂದರು. ನಾನು ಅದುವರೆಗೆ ಓದಿದ್ದ ಯಾವ ಲೇಖನವೂ ಇದನ್ನು ಹೇಳಿರಲಿಲ್ಲ.

1998ರ ಚುನಾವಣೆಯ ಘೋಷಣೆ ‘ಎರಾಪ್ ಪಾರಾ ಸಾ ಮಹಿರಾಪ್’. ಮಹಿರಾಪ್‌ಗಾಗಿ ಎರಾಪ್ ಎಂದು ಅರ್ಥ. ಪ್ರಾಸವೇ ಅರ್ಧ ಕೆಲಸ ಮಾಡುತ್ತದೆ, ಅಲ್ವಾ? ‘ಬಡವರಿಗಾಗಿ ಎರಾಪ್’ ಎಂದು ಬರೆದು ಮುಂದೆ ಹೋದೆ. ಆದರೆ ಮಹಿರಾಪ್ ಅಂದರೆ ಬಡವರು ಅಂತಲೂ ಹೌದು, ಕಷ್ಟ ಅಂತಲೂ ಹೌದು. ಲೆಕ್ಕ ಕಷ್ಟ ಇದೆ ಅನ್ನಲೂ ಅದೇ ಪದ. ಆಗ ನಮ್ಮಮ್ಮ ನೆನಪಾದರು. ‘ಪಾಪ, ಕಷ್ಟದಲ್ಲಿರೋರು’ ಎನ್ನುತ್ತಿದ್ದರೇ ಹೊರತು ಬಡವರು ಎಂದು ಅವರು ಯಾರನ್ನೂ ಕರೆದದ್ದು ಕೇಳಿಲ್ಲ. ‘ಕಷ್ಟದಲ್ಲಿರೋರ ಎರಾಪ್’ ಎಂದು ತಿದ್ದಿದೆ. ಪ್ರಾಸ ಹೋಯಿತು, ಆದರೆ ಮಾತು ಹತ್ತಿರ ಬಂತು.

ರಾಜಕೀಯದ ಮೊದಲ ಹೆಜ್ಜೆಯಲ್ಲೇ ತಪ್ಪು ಮಾಡಿದ್ದೆ. 1967ರಲ್ಲಿ ಸಾನ್ ಹುವಾನ್ ಪಟ್ಟಣದ ಮೇಯರ್ ಆಗಿ ಗೆದ್ದರು ಎಂದು ಬರೆದಿದ್ದೆ. ನಿಜಕ್ಕೂ ಎಣಿಕೆಯಲ್ಲಿ ಸೋತಿದ್ದರು. ತಕರಾರು ಹಾಕಿ, ಅದರಲ್ಲಿ ಗೆದ್ದು ಕುರ್ಚಿ ಹತ್ತಿದ್ದು 1969ರಲ್ಲಿ. ಅಲ್ಲಿಂದ ಮುಂದೆ ಪ್ರತಿ ಇಸವಿಯನ್ನೂ ಎರಡು ಕಡೆ ನೋಡದೆ ಬರೆಯಲಿಲ್ಲ. ಹದಿನಾರಕ್ಕೂ ಹೆಚ್ಚು ವರ್ಷ ಮೇಯರ್. ಈ ನಡುವೆ 1974ರಲ್ಲಿ ಸಿನಿಮಾ ಕಾರ್ಮಿಕರಿಗಾಗಿ ಕ್ಷೇಮನಿಧಿ ಸಂಸ್ಥೆ ಕಟ್ಟಿದರು. 1986ರಲ್ಲಿ ಸರ್ವಾಧಿಕಾರಿ ಮಾರ್ಕೋಸ್ ಬಿದ್ದ ಮೇಲೆ ಇವರನ್ನೂ ಮೇಯರ್ ಹುದ್ದೆಯಿಂದ ತೆಗೆದರು. ಮರುವರ್ಷವೇ ಸೆನೆಟರ್ ಆದರು. 1991ರ ಸೆಪ್ಟೆಂಬರ್ 16ರಂದು ಅಮೆರಿಕದ ಸೇನಾ ನೆಲೆಗಳ ಒಪ್ಪಂದವನ್ನು ಸೆನೆಟ್ 12–11ರಲ್ಲಿ ತಳ್ಳಿಹಾಕಿತು. ಆ ಹನ್ನೆರಡರಲ್ಲಿ ಇವರೂ ಒಬ್ಬರು. ಇವರಿಗೆ ಬೈಯುವವರು ಈ ದಿನವನ್ನು ಮರೆತುಬಿಡುತ್ತಾರೆ, ಅದು ಅನ್ಯಾಯ. ಎಮ್ಮೆ ತಳಿ ಸುಧಾರಿಸುವ ಕಾನೂನು ತಂದವರೂ ಇವರೇ. ರೈತರ ಮನೆಯಲ್ಲಿ ಬೆಳೆದ ನಾನು ಅದನ್ನು ಬಿಡದೆ ಬರೆದೆ. 1992ರಲ್ಲಿ ಉಪಾಧ್ಯಕ್ಷ, 1998ರ ಜೂನ್ 30ರಂದು ಅಧ್ಯಕ್ಷ.

ಅಧ್ಯಕ್ಷಗಿರಿ ಎರಡೂವರೆ ವರ್ಷ ನಡೆಯಿತು. ಅದನ್ನು ಮುಗಿಸಿದ್ದು ಹ್ವೆತೆಂಗ್. ಇದನ್ನು ಕನ್ನಡದವರಿಗೆ ಹೇಳೋದು ಸುಲಭ, ನಮ್ಮ ಓಸಿ ಇದ್ದ ಹಾಗೆ. ಒಂದರಿಂದ ಮೂವತ್ತೇಳರವರೆಗಿನ ಅಂಕಿಗಳಲ್ಲಿ ಎರಡನ್ನು ಹೇಳಬೇಕು. ಕುಬ್ರಡೋರ್ ಎಂಬ ಚೀಟಿ ಬರೆಯುವವನು ಮನೆ ಮನೆಗೆ ಬರುತ್ತಾನೆ. ಐದು ಪೆಸೊ, ಹತ್ತು ಪೆಸೊ. ಆತೆ ಹೇಳುತ್ತಿದ್ದರು: ಕನಸಿನಲ್ಲಿ ಕಂಡದ್ದಕ್ಕೂ ಅಂಕಿ ಉಂಟು. ಕಾನೂನಿಗೆ ವಿರುದ್ಧ, ಆದರೆ ಕುಬ್ರಡೋರ್ ಎಲ್ಲರಿಗೂ ಪರಿಚಯ. ಆ ಹತ್ತು ಪೆಸೊ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ಚೀಟಿಯವನು, ಅವನ ಮೇಲಿನವನು, ಬ್ಯಾಂಕರ್ ಎನಿಸಿಕೊಂಡವನು, ಕಣ್ಣು ಮುಚ್ಚಿಕೊಳ್ಳಲು ದುಡ್ಡು ತಗೊಳ್ಳುವವರು. 2000ದ ಅಕ್ಟೋಬರಿನಲ್ಲಿ ಇಲೋಕೋಸ್ ಸುರ್ ಪ್ರಾಂತ್ಯದ ಗವರ್ನರ್, ಎರಾಪ್ ಅವರ ಗೆಳೆಯರೇ ಆಗಿದ್ದ ಚಾವಿಟ್ ಸಿಂಗ್ಸನ್, ಆ ದುಡ್ಡಿನಲ್ಲಿ 40 ಕೋಟಿ ಪೆಸೊ ಅಧ್ಯಕ್ಷರಿಗೆ ತಲುಪಿಸಿದ್ದೇನೆ ಎಂದು ಎಲ್ಲರ ಮುಂದೆ ಹೇಳಿದರು.

ಇಲ್ಲಿ ನನ್ನ ಪೆನ್ನು ನಿಂತಿತು. ಆ 40 ಕೋಟಿ ಆತೆಯಂಥವರು ಕೊಟ್ಟ ಹತ್ತು ಪೆಸೊಗಳೇ ಅಲ್ವಾ? ಆತೆಯನ್ನೇ ಕೇಳಿದೆ. ಬಟ್ಟೆ ಕೊಡವುತ್ತಾ, ‘ಅವರಿಗಿಂತ ಮುಂಚೆಯೂ ಅದು ಯಾರದೋ ಜೇಬಿಗೆ ಹೋಗುತ್ತಿತ್ತು. ಅವರಾದರೆ ನಮ್ಮನೆ ಸಾವಿಗೆ ಬಂದಿದ್ದರು’ ಎಂದರು. ನಾನು ಇದನ್ನು ಒಪ್ಪುವುದಿಲ್ಲ. ಆದರೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ದಿನದಿಂದ ಎಡಪುಟದಲ್ಲಿ ಇಸವಿ, ಮೊತ್ತ, ತೀರ್ಪು. ಬಲಪುಟದಲ್ಲಿ ಜನ ಹೇಳಿದ್ದು. ಎಡಪುಟದ ಲೆಕ್ಕವನ್ನು ಬಲಪುಟದ ಮಾತಿನಿಂದ ಅಳಿಸಲಿಲ್ಲ, ಬಲಪುಟವನ್ನು ಹರಿದು ಎಸೆಯಲೂ ಇಲ್ಲ.

ಡಿಸೆಂಬರಿನಲ್ಲಿ, ಅಧ್ಯಕ್ಷರನ್ನು ಹುದ್ದೆಯಿಂದ ತೆಗೆಯಬೇಕೇ ಎಂಬ ಸೆನೆಟ್ ವಿಚಾರಣೆ ಶುರುವಾಯಿತು. ಟೀವಿಯಲ್ಲಿ ನೇರ ಪ್ರಸಾರ. ಕ್ಲಾರಿಸಾ ಒಕಾಂಪೊ ಎಂಬ ಬ್ಯಾಂಕ್ ಅಧಿಕಾರಿ ಸಾಕ್ಷಿಗೆ ಬಂದರು. ಅಧ್ಯಕ್ಷರು ‘ಹೋಸೆ ವೆಲಾರ್ಡೆ’ ಎಂದು ಬೇರೆ ಹೆಸರಿನಲ್ಲಿ ಸಹಿ ಮಾಡಿದಾಗ ತಾನು ಒಂದಡಿ ದೂರದಲ್ಲಿದ್ದೆ ಎಂದರು. ಒಂದಡಿ! ನನ್ನದು ಆಡಿಟ್ ಕೆಲಸ. ಸಹಿಯ ಬೆಲೆ ನನಗೆ ಗೊತ್ತು. ಇಡೀ ಬರಹದಲ್ಲಿ ನನಗೆ ಎರಾಪ್ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲೇ. ಹುಟ್ಟುಹೆಸರು ಬಿಟ್ಟು ಸಿನಿಮಾ ಹೆಸರು ಇಟ್ಟುಕೊಂಡದ್ದು ಹೊಟ್ಟೆಪಾಡು. ಈ ನಾಲ್ಕನೇ ಹೆಸರು ಬೇರೆಯೇ ಕೆಲಸಕ್ಕೆ. ಜನವರಿ 16ರಂದು ಬ್ಯಾಂಕ್ ದಾಖಲೆಯ ಲಕೋಟೆಯೊಂದನ್ನು ತೆರೆಯುವುದು ಬೇಡ ಎಂದು ಸೆನೆಟರುಗಳು 11–10ರಲ್ಲಿ ನಿರ್ಧರಿಸಿದರು. ಅದೇ ರಾತ್ರಿ ಮೊಬೈಲಿಂದ ಮೊಬೈಲಿಗೆ ಮೆಸೇಜ್ ಹರಿದಾಡಿತು, ಕಪ್ಪು ಬಟ್ಟೆ ಹಾಕಿ ಎಡ್ಸಾಗೆ ಬನ್ನಿ ಎಂದು. ನಾಲ್ಕು ದಿನಕ್ಕೆ ಸೇನೆ ಕೈಬಿಟ್ಟಿತ್ತು. 20ರಂದು ಉಪಾಧ್ಯಕ್ಷೆ ಗ್ಲೋರಿಯಾ ಅರೋಯೊ ಪ್ರಮಾಣವಚನ ತಗೊಂಡರು. ಎರಾಪ್ ಮನೆಯವರ ಜೊತೆ ಪಾಸಿಗ್ ನದಿ ದಾಟಿ ಅಧ್ಯಕ್ಷರ ನಿವಾಸದಿಂದ ಹೊರಟುಹೋದರು.

‘ಹೊರಟುಹೋದರು’ ಎಂಬ ಈ ಪದಕ್ಕೆ ಒಂದು ವಾರ ಹಿಡಿಯಿತು. ‘ರಾಜೀನಾಮೆ ಕೊಟ್ಟರು’ ಅನ್ನೋಣ ಎಂದರೆ ರಾಜೀನಾಮೆ ಪತ್ರ ಇಲ್ಲ. ‘ಕೆಳಗಿಳಿಸಿದರು’ ಅನ್ನೋಣ ಎಂದರೆ ಸುಪ್ರೀಂ ಕೋರ್ಟು ಅದೇ ಮಾರ್ಚಿನಲ್ಲಿ, ಅವರ ನಡೆನುಡಿ ನೋಡಿದರೆ ರಾಜೀನಾಮೆ ಕೊಟ್ಟ ಹಾಗೇ ಎಂದು ಹೇಳಿಬಿಟ್ಟಿದೆ. ಅದಕ್ಕೆ ಆಧಾರಗಳಲ್ಲಿ ಒಂದು, ಅವರ ಕಾರ್ಯದರ್ಶಿ ಎಡ್ಗಾರ್ಡೊ ಅಂಗಾರಾ ಬರೆದಿಟ್ಟು ಪತ್ರಿಕೆಯಲ್ಲಿ ಬಂದ ದಿನಚರಿ. ಎರಡೂ ಕಡೆಯವರು ತಕರಾರು ತೆಗೆಯದ ಪದ ಒಂದೇ ಇತ್ತು. ಅದನ್ನೇ ಇಟ್ಟೆ. ಕೋರ್ಟು ಹೇಳಿದ್ದನ್ನು ಮುಂದಿನ ವಾಕ್ಯದಲ್ಲಿ ಬರೆದೆ.

ಏಪ್ರಿಲ್ 25ರಂದು ಬಂಧನವಾಯಿತು. ಆತೆ ಎಡ್ಸಾಗೆ ಹೋದದ್ದು ಆಗ. ‘ದುಡ್ಡು ತಗೊಂಡು ಬಂದವರು, ಹಲ್ಲಿಲ್ಲದವರು, ಕೊಳಕರು ಎಂದರು ನಮ್ಮನ್ನ. ನಾನು ನಡೆದುಕೊಂಡು ಹೋಗಿದ್ದೆ. ಕೈಯಲ್ಲಿ ಅನ್ನದ ಡಬ್ಬಿ ಇತ್ತು’ ಎಂದರು. ಜನವರಿಯಲ್ಲಿ ಸೇರಿದವರನ್ನು ಪತ್ರಿಕೆಗಳು ಜನಶಕ್ತಿ ಎಂದಿದ್ದವು. ಇವರನ್ನು ಹಾಗೆ ಕರೆದವರು ಕಡಿಮೆ. ಮೇ 1ರ ಬೆಳಗ್ಗೆ ಗುಂಪು ಅಧ್ಯಕ್ಷರ ನಿವಾಸದ ಕಡೆ ನುಗ್ಗಿತು, ಗಲಭೆಯಾಯಿತು, ಪ್ರಾಣ ಹೋದವು. ಆತೆ ಅಷ್ಟು ದೂರ ಹೋಗಿರಲಿಲ್ಲ. ಆಫೀಸಿನ ಕಿಟಕಿಯಿಂದ ಆ ಮೂಲೆಯನ್ನು ನೋಡುವಾಗ ಅಲ್ಲಿಂದೀಚೆಗೆ ನನಗೆ ಮೊದಲು ನೆನಪಾಗುತ್ತಿದ್ದದ್ದು ಆ ಅನ್ನದ ಡಬ್ಬಿ.

ಮಿಕ್ಕದ್ದನ್ನು ಬೇಗ ಬರೆದೆ. 2007ರ ಸೆಪ್ಟೆಂಬರ್ 12ರಂದು ವಿಶೇಷ ನ್ಯಾಯಾಲಯ, ದೇಶದ ಸಂಪತ್ತು ಲೂಟಿ ಮಾಡಿದ ಅಪರಾಧ ಸಾಬೀತಾಗಿದೆ ಎಂದು ದೀರ್ಘ ಸೆರೆವಾಸ ಕೊಟ್ಟಿತು. ಅಕ್ಟೋಬರಿನಲ್ಲಿ ಅರೋಯೊ ಕ್ಷಮಾದಾನ ಕೊಟ್ಟರು. 2010ರಲ್ಲಿ ಎರಾಪ್ ಮತ್ತೆ ಅಧ್ಯಕ್ಷ ಸ್ಥಾನಕ್ಕೆ ನಿಂತು ಎರಡನೆಯವರಾದರು. 2013ರಲ್ಲಿ ಮನಿಲಾ ಮೇಯರ್. 2016ರ ಪ್ರಚಾರದಲ್ಲಿ ಟೊಂಡೊದಲ್ಲಿ ಒಂದು ಸಲ ದೂರದಿಂದ ನೋಡಿದೆ. ಕಿತ್ತಳೆ ಬಣ್ಣದ ಬಾವುಟಗಳ ನಡುವೆ ಅದೇ ಮೀಸೆ, ಬಾಗಿದ ಬೆನ್ನು. ಆ ಸಲ ಗೆದ್ದದ್ದು ಮೂರು ಸಾವಿರಕ್ಕೂ ಕಡಿಮೆ ಮತದಿಂದ. 2019ರಲ್ಲಿ ಸೋತರು. ಸೋಲಿಸಿದ ಇಸ್ಕೊ ಮೊರೆನೊ ಕೂಡ ಸಿನಿಮಾದಿಂದ ಬಂದವರೇ, ಹುಟ್ಟಿ ಬೆಳೆದದ್ದು ಟೊಂಡೊದಲ್ಲೇ.

ಊರಿಗೆ ಬಂದ ಮೇಲೆ ನಮ್ಮೂರ ಲೈಬ್ರರಿಯಲ್ಲಿ ಹತ್ತು ಹದಿನೈದು ಜನರ ಮುಂದೆ ಇದನ್ನು ಓದಿದೆ. ಮುಗಿದ ಮೇಲೆ ಹಿಂದಿನ ಬೆಂಚಿನಲ್ಲಿದ್ದ ಅಜ್ಜ ಒಬ್ಬರು ಕೇಳಿದರು, ‘ಎಲ್ಲಾ ಸರಿ ಕಣಪ್ಪ, ಆ ದುಡ್ಡು ವಾಪಸ್ ಬಂತಾ?’ ನನ್ನ ಬರಹದಲ್ಲಿ ಅದು ಇರಲಿಲ್ಲ. ಲೆಕ್ಕಪತ್ರದವನಾಗಿಯೂ ಬಿಟ್ಟುಬಿಟ್ಟಿದ್ದೆ. ಮನೆಗೆ ಹೋಗಿ ತೀರ್ಪನ್ನೂ ಕ್ಷಮಾದಾನದ ಪತ್ರವನ್ನೂ ಮತ್ತೆ ತೆಗೆದೆ. ಹ್ವೆತೆಂಗ್ ದುಡ್ಡು, ಷೇರು ವ್ಯವಹಾರದ ಕಮಿಷನ್, ‘ಬೊರಾಕಾಯ್ ಬಂಗಲೆ’ ಎನ್ನುತ್ತಿದ್ದ ಮನೆ, ಇಷ್ಟನ್ನೂ ಜಪ್ತಿ ಮಾಡಬೇಕು ಎಂದು ಕೋರ್ಟು ಹೇಳಿತ್ತು. ಕ್ಷಮಾದಾನ ಬಂದಾಗಲೂ ಆ ಜಪ್ತಿ ಉಳಿಯಿತು. ಅಧ್ಯಕ್ಷರಾಗುವ ಮೊದಲೇ ಅವರ ಹೆಸರಿನಲ್ಲಿದ್ದ ಬ್ಯಾಂಕ್ ಖಾತೆಗಳಿಗೆ ಮಾತ್ರ ವಿನಾಯಿತಿ. ಈ ನಾಲ್ಕು ಸಾಲನ್ನು 2007ರ ಪುಟಕ್ಕೆ ಸೇರಿಸಿ, ಮರುದಿನ ಅಜ್ಜನ ಮನೆಗೆ ಹೋಗಿ ಜಗಲಿಯಲ್ಲಿ ಕೂತು ಓದಿ ಹೇಳಿದೆ.