ಸಿಂಗಪುರದ ಸಸ್ಯೋದ್ಯಾನಕ್ಕೆ ಹೋಗುವವರಿಗೆ ಒಂದು ಸಲಹೆ

ಸಿಂಗಪುರ ಪ್ರವಾಸದಲ್ಲಿ ಅಲ್ಲಿನ ಬೊಟಾನಿಕ್ ಗಾರ್ಡನ್ಸ್ ನೋಡಲು ಬಯಸುವವರು ದಯವಿಟ್ಟು ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ. ಉದ್ಯಾನ ಬೆಳಿಗ್ಗೆ 5 ಗಂಟೆಗೇ ತೆರೆಯುತ್ತದೆ ಮತ್ತು ಪ್ರವೇಶ ಉಚಿತ. ಒಳಗಿರುವ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್ ಬೇಕು. ಸಮಭಾಜಕ ವೃತ್ತಕ್ಕೆ ಅಷ್ಟು ಹತ್ತಿರವಿರುವ ಊರಾದ್ದರಿಂದ ಹತ್ತು ಗಂಟೆ ದಾಟಿತೆಂದರೆ ಸೆಕೆ ಮೈಯನ್ನು ಹಿಂಡುತ್ತದೆ, ಮಧ್ಯಾಹ್ನದ ನಂತರ ಗುಡುಗುಸಹಿತ ಮಳೆ ಬರುವುದೂ ಸಾಮಾನ್ಯ. ಸಿಡಿಲಿನ ಸಮಯದಲ್ಲಿ ಮರದಡಿ ನಿಲ್ಲದೆ ಹತ್ತಿರದ ಕಟ್ಟಡವನ್ನು ಸೇರಿಕೊಳ್ಳಿ.

1859ರಲ್ಲಿ ಆರಂಭವಾಗಿ 2015ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಉದ್ಯಾನದಲ್ಲಿ ಹೆಚ್ಚಿನವರು ಆರ್ಕಿಡ್ ನೋಡಿ ಹಿಂತಿರುಗುತ್ತಾರೆ. ಆದರೆ ನನ್ನ ಮಟ್ಟಿಗೆ ನಿಜವಾದ ಸಂಪತ್ತು ಎಂದರೆ ನಗರದ ನಡುವೆಯೇ ಸುಮಾರು 6 ಹೆಕ್ಟೇರಿನಷ್ಟು ಉಳಿದುಕೊಂಡಿರುವ ಸಹಜ ಮಳೆಕಾಡು. ಅಲ್ಲಿ ಮಾತು ನಿಲ್ಲಿಸಿ, ತಲೆಯೆತ್ತಿ ನಿಧಾನವಾಗಿ ನಡೆಯಬೇಕು. ಮಲೆನಾಡು, ಕೊಡಗು, ದಕ್ಷಿಣ ಕನ್ನಡಗಳ ರಬ್ಬರ್ ಬೆಳೆಗಾರರಿಗೆ ಇನ್ನೊಂದು ನಂಟೂ ಇದೆ: ಮರಕ್ಕೆ ಹಾನಿಯಾಗದಂತೆ ತೊಗಟೆಯನ್ನು ಗೀರಿ ಮತ್ತೆ ಮತ್ತೆ ಹಾಲು ತೆಗೆಯುವ ವಿಧಾನವನ್ನು ಹೆನ್ರಿ ರಿಡ್ಲಿ ಅವರು ರೂಪಿಸಿದ್ದು ಈ ಉದ್ಯಾನದ ನಿರ್ದೇಶಕರಾಗಿದ್ದಾಗಲೇ.

ಬುಕಿಟ್ ತಿಮಾ ದ್ವಾರದ ಪಕ್ಕದಲ್ಲೇ ಮೆಟ್ರೋ ನಿಲ್ದಾಣವಿದೆ. ಆದರೆ ಆರ್ಕಿಡ್ ತೋಟ ಮತ್ತು ಮಳೆಕಾಡು ಅಲ್ಲಿಂದ ಸಾಕಷ್ಟು ದೂರವಾದ್ದರಿಂದ ಹಿರಿಯರು ಜೊತೆಗಿದ್ದರೆ ನೇಪಿಯರ್ ನಿಲ್ದಾಣದಲ್ಲಿ ಇಳಿದು ಟ್ಯಾಂಗ್ಲಿನ್ ದ್ವಾರದಿಂದ ಒಳಹೋಗುವುದು ಅನುಕೂಲ. ನೀರಿನ ಬಾಟಲಿ, ಕೊಡೆ ಮತ್ತು ಜಾರದ ಚಪ್ಪಲಿಯನ್ನು ಮರೆಯಬೇಡಿ.