ಸುಣ್ಣದ ಚೀಲದ ಸತ್ವ ಅಳೆದದ್ದು: ನನ್ನ ಅನುಭವ

ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟಗಳಿಗೆ ಸುಣ್ಣ ಹಾಕುವುದು ಹೊಸತೇನಲ್ಲ. ಇಷ್ಟು ಮಳೆ ಕುಡಿಯುವ ಮಣ್ಣು ಹುಳಿಯಾಗದೆ ಇರದು. ಆದರೆ ಕೊಂಡು ತಂದ ಕೃಷಿ ಸುಣ್ಣದಲ್ಲಿ ನಿಜವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಎಷ್ಟು, ಬರಿಯ ಕಲ್ಲುಪುಡಿ ಎಷ್ಟು ಎಂಬುದನ್ನು ಮನೆಯ ಜಗುಲಿಯಲ್ಲೇ ಕಂಡುಹಿಡಿಯಬಹುದೆಂದು ನಾನು ಹೇಳಿದಾಗ ಮೊದಲು ನಕ್ಕವರು ಬಿ.ಎಸ್ಸಿ. ಓದಿದ ಗೆಳೆಯರೇ. ಈಗ ಅವರೇ ತಮ್ಮ ಚೀಲದ ಪುಡಿಯನ್ನು ಪೊಟ್ಟಣ ಕಟ್ಟಿ ಕಳುಹಿಸುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಆರಂಭದಲ್ಲಿ ಹಿಡಿದದ್ದು ಎಲ್ಲರಿಗೂ ಗೊತ್ತಿರುವ ದಾರಿ. 1 ಗ್ರಾಂ ಪುಡಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಹೊರಟ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಬೋರಲು ಹಾಕಿದ ಅಳತೆ ಜಾಡಿಗೆ ಹಿಡಿದೆ. 100 ಗ್ರಾಂ ಕಾರ್ಬೊನೇಟಿಗೆ 22.4 ಲೀಟರ್ ಅನಿಲ, ಹಾಗಾದರೆ 1 ಗ್ರಾಮಿಗೆ 224 ಮಿ.ಲೀ. ಎಂಬ ಲೆಕ್ಕ. ಪ್ರಯೋಗಾಲಯದ ಶುದ್ಧ ಪುಡಿಯೇ 250 ಮಿ.ಲೀ. ದಾಟಿಬಿಟ್ಟಿತು, ಅಂದರೆ ನೂರಕ್ಕೆ ನೂರಹನ್ನೆರಡು ಶುದ್ಧ! 22.4 ಎಂಬುದು 0 ಡಿಗ್ರಿ ಸೆಲ್ಸಿಯಸ್, ಪಾದರಸದ 760 ಮಿ.ಮೀ. ಒತ್ತಡದ ಲೆಕ್ಕ. ಸಮುದ್ರಮಟ್ಟದಿಂದ 600 ಮೀಟರ್ ಆಸುಪಾಸಿನಲ್ಲಿರುವ ನಮ್ಮಲ್ಲಿ ಒತ್ತಡ 710ರ ಹತ್ತಿರವಿದ್ದು, 25 ಡಿಗ್ರಿಯಲ್ಲಿ ಒಂದು ಮೋಲ್ ಅನಿಲ, ಅಂದರೆ 100 ಗ್ರಾಂ ಕಾರ್ಬೊನೇಟಿನಿಂದ ಹೊರಡುವಷ್ಟು, 26 ಲೀಟರನ್ನು ಮೀರುತ್ತದೆ. ಅದರೊಡನೆ ಸೇರಿಕೊಳ್ಳುವ ನೀರಾವಿಯನ್ನೂ ಎಣಿಸಿದರೆ 27 ಆಗುತ್ತದೆ. ಹವಾಮಾನ ವರದಿಯಲ್ಲಿ ಕಾಣುವ ಒತ್ತಡವನ್ನು ಇಲ್ಲಿ ಬಳಸಕೂಡದು, ಏಕೆಂದರೆ ಅದು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ.

ಇಷ್ಟೆಲ್ಲ ಸರಿಪಡಿಸಿದ ಮೇಲೆ ಉತ್ತರ ಎದುರು ದಿಕ್ಕಿಗೆ ಹೊರಳಿ, 1 ಗ್ರಾಮಿಗೆ ಬರಬೇಕಾದ 270 ಮಿ.ಲೀ. ಬದಲು 250ರಲ್ಲೇ ನಿಂತಿತು, ಏಕೆಂದರೆ ಈ ಅನಿಲ ನೀರಿನಲ್ಲಿ ಧಾರಾಳವಾಗಿ ಕರಗುತ್ತದೆ. ಉಪ್ಪನ್ನು ಕರಗುವಷ್ಟೂ ಕರಗಿಸಿದ ನೀರು ಬಳಸಿದಾಗ ಬಹುಪಾಲು ಸರಿಹೋಯಿತು. ಆದರೂ ನಾನು ಈ ದಾರಿಯನ್ನು ಬಿಟ್ಟದ್ದು ಬೇರೆ ಕಾರಣಕ್ಕೆ: 50 ಕಿಲೋ ಚೀಲಕ್ಕೆ 1 ಗ್ರಾಂ ಪುಡಿ ಪ್ರತಿನಿಧಿಯಾಗಲಾರದು, ಅದರಲ್ಲಿ ಒಂದು ಹರಳು ಕಲ್ಲು ಸೇರಿದರೂ ಉತ್ತರ ಕೆಡುತ್ತದೆ. 10 ಗ್ರಾಂ ತೆಗೆದುಕೊಂಡರೆ ಏಳುವ ಎರಡೂವರೆ ಲೀಟರಿಗೂ ಮಿಕ್ಕ ಅನಿಲವನ್ನು ಹಿಡಿಯುವ ಜಾಡಿ ನನ್ನಲ್ಲಿರಲಿಲ್ಲ.

ಹಿಡಿಯಲಾಗದ ಅನಿಲವನ್ನು ಹೋಗಲು ಬಿಟ್ಟು, ಹೋದದ್ದರ ತೂಕ ನೋಡುವುದೇ ಸರಿಯೆಂದು ಆಗ ನಿರ್ಧರಿಸಿದೆ. ಒಂದು ಗ್ರಾಮಿನ ನೂರನೇ ಒಂದು ಭಾಗವನ್ನು ತೋರಿಸುವ ಚಿನ್ನ ತೂಗುವ ಸಣ್ಣ ತಕ್ಕಡಿಗೆ ಸುಮಾರು 700 ರೂಪಾಯಿ ಆಯಿತು. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ, ಮೂರು ಪಾಲಿಗೆ ಒಂದು ಪಾಲು ಗಾಢ ಆಮ್ಲವಿರುವಂತೆ ತೆಳುಮಾಡಿದ 100 ಮಿ.ಲೀ. ಆಮ್ಲಕ್ಕೆ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಬೇಕು. 10 ಗ್ರಾಂ ಶುದ್ಧ ಪುಡಿಗೆ 4.4 ಗ್ರಾಂ ತೂಕ ಇಳಿಯಬೇಕು. ನನಗೆ ಇಳಿದದ್ದು ನಾಲ್ಕು ಗ್ರಾಂ ಮಾತ್ರ. ಗೆಳೆಯರು ಎರಡನೆಯ ಬಾರಿ ನಕ್ಕದ್ದು ಆಗ.

ನಾಪತ್ತೆಯಾದ ಅನಿಲ ಬಾಟಲಿಯಲ್ಲೇ ಕುಳಿತಿತ್ತು. ಇಂಗಾಲದ ಡೈಆಕ್ಸೈಡಿನ ಅಣುತೂಕ 44, ಗಾಳಿಯದು ಸರಾಸರಿ 29. ಅರ್ಧ ಲೀಟರ್ ಜಾಗದಲ್ಲಿ ಗಾಳಿಯ ಬದಲು ಈ ಅನಿಲ ತುಂಬಿಕೊಂಡರೆ ಸುಮಾರು ಕಾಲು ಗ್ರಾಂ ತೂಕ ಉಳಿದುಬಿಡುತ್ತದೆ, ದ್ರವದಲ್ಲಿ ಕರಗಿ ನಿಂತದ್ದು ಇನ್ನಷ್ಟು. ಮೀನಿನ ತೊಟ್ಟಿಯ ಪಂಪಿನಿಂದ ಕೆಲವು ನಿಮಿಷ ಗಾಳಿ ಊದಿ, ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇರಿಸಿದ ಮೇಲೆ ಶುದ್ಧ ಪುಡಿ 4.4ಕ್ಕೆ ಬಂದು ನಿಂತಿತು. ಊದುವಾಗ ಸ್ವಲ್ಪ ನೀರಾವಿಯೂ ಹೋಗುವುದರಿಂದ ಬರಿಯ ಆಮ್ಲದ ಬಾಟಲಿಯೊಂದನ್ನು ಜೊತೆಯಲ್ಲೇ ಊದಿ ಆ ಇಳಿಕೆಯನ್ನು ಕಳೆಯುತ್ತೇನೆ. ಆಷಾಢದ ಒದ್ದೆ ಗಾಳಿಯಲ್ಲಿ ಅದು ತೀರಾ ಕಡಿಮೆ, ಬೇಸಗೆಯಲ್ಲಿ ಹೆಚ್ಚು. ಆಮ್ಲದ ಹನಿ ಹೊರಗೆ ಸಿಡಿಯದಂತೆ ಬಾಟಲಿಯ ಬಾಯಿಗೆ ನಾನು ಏನು ಇಡುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಒಂದು ಮಳೆಗಾಲವೇ ಹಿಡಿದಿದೆ.

ಆ ವರ್ಷ ತಂದಿದ್ದ 15 ಚೀಲಗಳಿಂದ ಒಂದೊಂದು ಹಿಡಿ ತೆಗೆದು, ಬೆರೆಸಿ, ರಾಶಿಯನ್ನು ನಾಲ್ಕು ಪಾಲು ಮಾಡಿ ಕುಗ್ಗಿಸುತ್ತ ಬಂದು 10 ಗ್ರಾಂ ತೂಗಿದಾಗ 3.1 ಗ್ರಾಂ ಇಳಿಯಿತು, ಅಂದರೆ ನೂರಕ್ಕೆ 70. ಗೆಳೆಯರ ಬಾಯಿ ಮುಚ್ಚಿಸಿದ್ದು ಈ ಅಂಕಿಯಲ್ಲ, ತಳದಲ್ಲಿ ಕರಗದೆ ಉಳಿದ ಗಸಿ. ಅದನ್ನು ಸೋಸಿ, ತೊಳೆದು, ಒಲೆಯ ಮೇಲೆ ಒಣಗಿಸಿ ತೂಗಿದರೆ 2.8 ಗ್ರಾಂ. ಒಂದು ಲೆಕ್ಕ ಗಾಳಿಗೆ ಹೋದದ್ದರಿಂದ, ಇನ್ನೊಂದು ತಳದಲ್ಲಿ ಉಳಿದದ್ದರಿಂದ. ಎರಡೂ ಹೆಚ್ಚುಕಡಿಮೆ ತಾಳೆಯಾದವು. ಚೀಲಕ್ಕೆ 300 ರೂಪಾಯಿಯಂತೆ ಕೊಂಡ ಮಾಲಿನಲ್ಲಿ ನಾಲ್ಕೂವರೆ ಚೀಲ ಕಲ್ಲುಪುಡಿ. ಸಾಗಣೆ ಮತ್ತು ಕೂಲಿ ಸೇರಿಸಿದರೆ ಎರಡು ಸಾವಿರ ರೂಪಾಯಿ ನೀರಿನಲ್ಲಿ ಹೋಮ. ಅಂದಿನಿಂದ ಮಾದರಿ ಪುಡಿ ಕೊಡದವರಲ್ಲಿ ನಾನು ಸುಣ್ಣ ಕೊಳ್ಳುತ್ತಿಲ್ಲ.

ತಕ್ಕಡಿ ಕೈಗೆ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಒಳಪೊರೆ ಸುಲಿದ ಮೊಟ್ಟೆಯ ಚಿಪ್ಪು ನೂರಕ್ಕೆ 94ರ ಹತ್ತಿರ ಬಂತು. ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಕಾರ್ಬೊನೇಟೂ ಇರುವ ಡೋಲೊಮೈಟ್ ಕಲ್ಲಿನ ಪುಡಿ ತಣ್ಣಗಿನ ಆಮ್ಲದಲ್ಲಿ ನಿಧಾನವಾಗಿ ನೊರೆ ಬಿಡುತ್ತದೆ, ಬಿಸಿಮಾಡಿದರೆ 10 ಗ್ರಾಮಿಗೆ 4.7 ಗ್ರಾಂವರೆಗೂ ಇಳಿಯುತ್ತದೆ. ಮೆಗ್ನೀಸಿಯಂ ಹಗುರವಾದ್ದರಿಂದ ಅಷ್ಟೇ ತೂಕದಲ್ಲಿ ಕಾರ್ಬೊನೇಟ್ ಹೆಚ್ಚು. ಲೆಕ್ಕ ನೂರನ್ನು ಮೀರಿದರೆ ಈಗ ನಾನು ತಕ್ಕಡಿಯನ್ನು ಬಯ್ಯುವುದಿಲ್ಲ, ಡೋಲೊಮೈಟ್ ಬೆರೆತಿದೆಯೇ ಎಂದು ನೋಡುತ್ತೇನೆ.

ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಸುಣ್ಣವನ್ನೂ ಬಿಡಲಿಲ್ಲ. ಅರಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೊನೇಟ್ ಆಗುವಾಗ 74 ಗ್ರಾಂ ಇದ್ದದ್ದು 100 ಗ್ರಾಂ ಆಗುತ್ತದೆ. ತೂಕ ಏರಿ ಕಸುವು ಇಳಿಯುತ್ತದೆ. ಒಂದು ಮಳೆಗಾಲ ಕಳೆದ ಚೀಲದಲ್ಲಿ ಅರ್ಧದಷ್ಟು ಹೀಗೆ ಹಳಸಿತ್ತು, ಆದರೂ ದ್ರಾವಣದಲ್ಲಿ ಕತ್ತಿ ಅದ್ದಿ ನೋಡುವ ಪರೀಕ್ಷೆಯಲ್ಲಿ, ಸುಣ್ಣ ಸಾಲದಿದ್ದರೆ ಅಲಗಿಗೆ ಹತ್ತುವ ತಾಮ್ರದ ಕೆಂಪು ಕಾಣಲಿಲ್ಲ. 1 ಕಿಲೋ ಮೈಲುತುತ್ತಕ್ಕೆ ಲೆಕ್ಕದಲ್ಲಿ ಬೇಕಾದ ಅರಳಿದ ಸುಣ್ಣ 300 ಗ್ರಾಂ ಮಾತ್ರ, ನಾವು ಹಾಕುವುದು 1 ಕಿಲೋ. ಹಾಗಾಗಿ ಅರ್ಧ ಹಳಸಿದರೂ ಕತ್ತಿ ಸುಳಿವು ಕೊಡುವುದಿಲ್ಲ. ಅಟ್ಟದಲ್ಲಿ ಕೆಲವು ವರ್ಷ ಮರೆತುಹೋಗಿದ್ದ ಇನ್ನೊಂದು ಚೀಲ 10 ಗ್ರಾಮಿಗೆ 4 ಗ್ರಾಂ ಇಳಿಯಿತು, ಅಂದರೆ ಹತ್ತರಲ್ಲಿ ಒಂಬತ್ತು ಪಾಲು ಕಾರ್ಬೊನೇಟ್. ಅದರಿಂದ ಮಾಡಿದ ದ್ರಾವಣದಲ್ಲಿ ಕತ್ತಿ ಕ್ಷಣದಲ್ಲೇ ತಾಮ್ರದ ಬಣ್ಣಕ್ಕೆ ತಿರುಗಿತು. ಆ ಚೀಲವನ್ನು ಎಸೆಯಲಿಲ್ಲ, ಅಡಿಕೆ ಮರದ ಬುಡಕ್ಕೆ ಹಾಕಿಸಿದೆ. ಮಣ್ಣಿನ ಹುಳಿ ಕಳೆಯಲು ಕಾರ್ಬೊನೇಟ್ ಆದರೂ ನಡೆಯುತ್ತದೆ.